ಟೆಂಪರ್ಡ್ ಗಾಜಿನ ಬೌಲ್: ಬಿದ್ದರೂ ಒಡೆಯದ್ದು, ಸುಮ್ನೆ ಇದ್ದಾಗ ಸಿಡಿಯೋದ್ಯಾಕೆ?

ಅಡುಗೆಮನೆಯಿಂದ ಪ್ಲಾಸ್ಟಿಕ್ ಡಬ್ಬಿಗಳು ಒಂದೊಂದಾಗಿ ಜಾಗ ಖಾಲಿ ಮಾಡುತ್ತಿವೆ. ಮೈಕ್ರೋಪ್ಲಾಸ್ಟಿಕ್ ಸುದ್ದಿ ಓದಿ ಹೆದರಿದವರಿದ್ದಾರೆ. ಎಷ್ಟು ಉಜ್ಜಿದರೂ ಅರಿಶಿನದ ಕಲೆ ಹೋಗಲ್ಲ ಅಂತ ಬೇಸತ್ತವರಿದ್ದಾರೆ. ಮೈಕ್ರೋವೇವ್ ತಂದ ಮೇಲೆ ಸ್ಟೀಲ್ ಪಾತ್ರೆ ಅದರೊಳಗೆ ಇಡೋ ಹಾಗಿಲ್ಲ ಅಂತ ಗೊತ್ತಾದವರೂ ಇದ್ದಾರೆ. ಎಲ್ಲರೂ ಹೋಗಿ ನಿಲ್ಲುವುದು ಗಾಜಿನ ಮುಂದೆ. ಗೃಹಪ್ರವೇಶದ ಉಡುಗೊರೆಗಳಲ್ಲೂ ಒಂದರೊಳಗೊಂದು ಕೂರುವ ಗಾಜಿನ ಬೌಲ್ ಸೆಟ್ ಈಗ ಮಾಮೂಲು.

ಡಬ್ಬದ ಮೇಲೆ 'ಟೆಂಪರ್ಡ್' ಅಂತ ಬರೆದಿರುತ್ತದೆ, ಇಲ್ಲವೇ 'ಟಫನ್ಡ್' ಅಂತ. ಎರಡೂ ಒಂದೇ. ಅಂಗಡಿಯವರು ಕೇಳದೇ ಇದ್ದರೂ ಹೇಳುತ್ತಾರೆ, 'ಬಿದ್ರೂ ಏನಾಗಲ್ಲ ಸರ್'. ಮನೆಗೆ ತಂದ ಮೇಲೆ ವಾಟ್ಸಾಪ್‌ನಲ್ಲಿ ಇನ್ನೊಂದು ವಿಡಿಯೋ ಬರುತ್ತದೆ. ಯಾರದೋ ಮನೆಯ ಕಟ್ಟೆಯ ಮೇಲೆ ಸುಮ್ನೆ ಇದ್ದ ಬೌಲ್ ಢಬ್ ಅಂತ ಸಿಡಿದು ಇಡೀ ಅಡುಗೆಮನೆ ಚೂರು.

ಯಾವುದನ್ನು ನಂಬೋದು? ಎರಡನ್ನೂ ನಂಬಬಹುದು. ಬಿದ್ದರೂ ಒಡೆಯದಿರುವುದಕ್ಕೂ, ಮುಟ್ಟದೇ ಒಡೆಯುವುದಕ್ಕೂ ಕಾರಣ ಒಂದೇ. ಕಾರ್ಖಾನೆಯಲ್ಲಿ ಆ ಗಾಜಿನೊಳಗೆ ಬೇಕೆಂದೇ ಒಂದು ಒತ್ತಡ ತುಂಬಿ ಕಳಿಸಿರುತ್ತಾರೆ. ಆ ಒತ್ತಡ ಏನು ಅಂತ ಗೊತ್ತಾದರೆ ಬೌಲ್ ಕೊಳ್ಳುವುದರಿಂದ ತೊಳೆಯುವುದರ ತನಕ ಉಳಿದದ್ದೆಲ್ಲ ಅರ್ಥವಾಗುತ್ತದೆ.

## ಮೊದಲಿಗೆ, ಗಾಜು ಒಡೆಯುವುದು ಹೇಗೆ

ಗಾಜು ಅಂದ್ರೆ ದುರ್ಬಲ ಅನ್ನುವುದು ನಮ್ಮ ಅಂದಾಜು. ಅದು ಅರ್ಧ ಮಾತ್ರ ಸರಿ. ಗಾಜನ್ನು ಎರಡೂ ಕಡೆಯಿಂದ ಅಮುಕಿದರೆ ಅದು ಭಾರೀ ಹೊರೆ ತಡೆಯುತ್ತದೆ. ಎಳೆದರೆ ಮಾತ್ರ ಸೋಲುತ್ತದೆ. ಬಗ್ಗಿಸುವುದೂ ಒಂದು ಬಗೆಯ ಎಳೆತವೇ. ಗಾಜಿನ ತಟ್ಟೆಯ ನಡುವೆ ಭಾರ ಇಟ್ಟರೆ ಮೇಲಿನ ಮೈ ಕುಗ್ಗುತ್ತದೆ, ಕೆಳಗಿನ ಮೈ ಹಿಗ್ಗಲು ನೋಡುತ್ತದೆ. ಬಿರುಕು ಶುರುವಾಗುವುದು ಆ ಕೆಳಗಿನ ಮೈಯಲ್ಲಿ.

ಲೆಕ್ಕದ ಪ್ರಕಾರ ಎಳೆದಾಗಲೂ ಗಾಜು ಇಷ್ಟು ಬೇಗ ಒಡೆಯಬಾರದು. ಅದರ ಅಣುಗಳ ಬೆಸುಗೆ ಅಷ್ಟು ಗಟ್ಟಿ. ಹಾಗಾದ್ರೆ ಒಡೆಯೋದ್ಯಾಕೆ? ಇದಕ್ಕೆ ಉತ್ತರ ಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್. 1921ರಲ್ಲಿ ಅಚ್ಚಾದ ಅವರ ಪ್ರಬಂಧದ ಸಾರ ಇಷ್ಟು: ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕುಗಳು ಇದ್ದೇ ಇರುತ್ತವೆ. ಗಾಜನ್ನು ಎಳೆದಾಗ ಬಲವೆಲ್ಲ ಆ ಬಿರುಕಿನ ತುದಿಗೆ ಬಂದು ಸೇರುತ್ತದೆ. ಒಂದು ಮಿತಿ ದಾಟಿದ ಕೂಡಲೇ ಬಿರುಕು ಓಡಲು ಶುರುಮಾಡುತ್ತದೆ.

ಸ್ಟೀಲ್ ಲೋಟ ಬಿದ್ದರೆ ನೆಗ್ಗುತ್ತದೆ. ಲೋಹ ಸ್ವಲ್ಪ ಜರುಗಿ, ಬಿದ್ದ ಪೆಟ್ಟನ್ನು ಹಾಗೇ ನುಂಗಿಕೊಳ್ಳುತ್ತದೆ. ಗಾಜಿಗೆ ಆ ಸೌಲಭ್ಯವಿಲ್ಲ. ಬಿರುಕು ಹೊರಟರೆ ತಡೆಯುವವರಿಲ್ಲ.

ಅಂದಮೇಲೆ ಗಾಜನ್ನು ಗಟ್ಟಿ ಮಾಡಲು ಎರಡೇ ದಾರಿ. ಒಂದು, ಮೈಮೇಲೆ ಗೀರೇ ಬೀಳದಂತೆ ನೋಡಿಕೊಳ್ಳಬೇಕು. ದಿನಾ ಬಳಸುವ ಪಾತ್ರೆಯಲ್ಲಿ ಅದು ಆಗದ ಮಾತು. ಇನ್ನೊಂದು, ಗೀರು ಬಿದ್ದರೂ ಅದು ಬಾಯಿ ತೆರೆಯದಂತೆ ಮೈಯನ್ನು ಸದಾ ಅಮುಕಿ ಹಿಡಿದಿರಬೇಕು. ಟೆಂಪರಿಂಗ್ ಮಾಡುವುದು ಈ ಎರಡನೆಯದನ್ನು.

## ಕಾಯಿಸಿ, ತಣ್ಣನೆ ಗಾಳಿ ಊದುವುದು

ಸಾಮಾನ್ಯ ಗಾಜಿಗೆ ಬೇಕಾದದ್ದು ಮರಳು, ಸೋಡಾ, ಸುಣ್ಣದ ಕಲ್ಲು. ಇದಕ್ಕೆ ಸೋಡಾ-ಲೈಮ್ ಗಾಜು ಅಂತ ಹೆಸರು. ಕಿಟಕಿ, ಸಾಸ್ ಬಾಟಲಿ, ಉಪ್ಪಿನಕಾಯಿ ಜಾಡಿ ಎಲ್ಲ ಇದೇ. ಬಹುಪಾಲು ಟೆಂಪರ್ಡ್ ಬೌಲ್‌ಗಳೂ ಇದೇ ಗಾಜಿನವು. ವ್ಯತ್ಯಾಸ ಇರುವುದು ತಣ್ಣಗಾಗುವ ರೀತಿಯಲ್ಲಿ.

ಮಾಮೂಲು ಗಾಜಿನ ಪಾತ್ರೆಯನ್ನು ಅಚ್ಚಿನಿಂದ ತೆಗೆದ ಮೇಲೆ ಉದ್ದನೆಯ ಒಲೆಯೊಂದರಲ್ಲಿ ನಿಧಾನಕ್ಕೆ ಆರಿಸುತ್ತಾರೆ. ಒಳಗೆ ಎಲ್ಲೂ ಸೆಳೆತ ಉಳಿಯಬಾರದು ಅನ್ನುವುದು ಅಲ್ಲಿಯ ಉದ್ದೇಶ. ಟೆಂಪರ್ಡ್ ಗಾಜಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಗಾಜನ್ನು ಇನ್ನೇನು ಮೆತ್ತಗಾಗುತ್ತದೆ ಅನ್ನುವ ಹಂತಕ್ಕೆ, ಅಂದರೆ ಸುಮಾರು 620 ಡಿಗ್ರಿ ಸೆಲ್ಸಿಯಸ್‌ನ ಆಚೆಗೆ ಕಾಯಿಸಿ, ನಾಲ್ಕೂ ಕಡೆಯಿಂದ ಜೋರಾಗಿ ತಣ್ಣನೆ ಗಾಳಿ ಊದುತ್ತಾರೆ. ಗಾಳಿ ತಾಗಿದ ಹೊರಮೈ ತಕ್ಷಣ ಗಟ್ಟಿಯಾಗುತ್ತದೆ. ಒಳಗಿನ ಪದರ ಇನ್ನೂ ಕೆಂಡದಷ್ಟು ಬಿಸಿ. ಆಮೇಲೆ ಅದೂ ಆರುತ್ತದೆ, ಆರುತ್ತಾ ಕುಗ್ಗಲು ನೋಡುತ್ತದೆ. ಆದರೆ ಹೊರಮೈ ಆಗಲೇ ಗಟ್ಟಿಯಾಗಿಬಿಟ್ಟಿದೆ, ಜಗ್ಗುವುದಿಲ್ಲ. ಹಾಗಾಗಿ ಒಳಪದರ ಹೊರಮೈಯನ್ನು ತನ್ನತ್ತ ಎಳೆದು ಹಿಡಿಯುತ್ತದೆ. ಹೊರಮೈ ಕಾಯಂ ಆಗಿ ಅಮುಕಿಕೊಂಡೇ ಇರುತ್ತದೆ.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಹಿಗ್ಗಿದ ಪಟ್ಟಿಯನ್ನು ಮರದ ಚಕ್ರದ ಸುತ್ತ ಕೂರಿಸಿ ನೀರು ಸುರಿಯುತ್ತಾರೆ. ಕಬ್ಬಿಣ ಚುರುಗುಟ್ಟುತ್ತಾ ಕುಗ್ಗಿ ಮರವನ್ನು ಬಿಗಿಯುತ್ತದೆ. ಮೊಳೆ ಇಲ್ಲ, ಅಂಟಿಲ್ಲ. ಆಮೇಲೆ ಆ ಚಕ್ರ ಕಲ್ಲುದಾರಿಯಲ್ಲಿ ವರ್ಷಗಟ್ಟಲೆ ಓಡಿದರೂ ಮರದ ತುಂಡುಗಳು ಬಿಟ್ಟುಕೊಳ್ಳುವುದಿಲ್ಲ. ಬಿಗಿಯುವ ಪಟ್ಟಿ ಅಲ್ಲಿ ಹೊರಗಿರುತ್ತದೆ, ಗಾಜಿನಲ್ಲಿ ಎಳೆಯುವ ಪದರ ಒಳಗಿರುತ್ತದೆ. ಇಷ್ಟೇ ವ್ಯತ್ಯಾಸ.

ಈ ಬಿಗಿತ ಎಷ್ಟಿರುತ್ತದೆ? ಕಟ್ಟಡಗಳಿಗೆ ಹಾಕುವ ಟಫನ್ಡ್ ಗಾಜಿನ ಹೊರಮೈಯಲ್ಲಿ ಕನಿಷ್ಠ 69 ಮೆಗಾಪಾಸ್ಕಲ್ ಒತ್ತಡ ಇರಬೇಕು ಎನ್ನುತ್ತದೆ ಅಮೆರಿಕದ ಮಾನದಂಡ. ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 700 ಕಿಲೋ. ಈ ಒತ್ತಡದ ಪದರ ದಪ್ಪದಲ್ಲಿ ಆ ಕಡೆ, ಈ ಕಡೆ ಐದನೇ ಒಂದು ಭಾಗದಷ್ಟು ಆಳಕ್ಕಿರುತ್ತದೆ. 5 ಮಿಲಿಮೀಟರ್ ದಪ್ಪದ ಗಾಜಾದರೆ ಎರಡೂ ಬದಿಯಲ್ಲಿ ತಲಾ 1 ಮಿಲಿಮೀಟರ್. ನಡುವಿನ 3 ಮಿಲಿಮೀಟರ್ ಪೂರ್ತಿ ಸೆಳೆತದಲ್ಲಿರುತ್ತದೆ. ಈ 1 ಮಿಲಿಮೀಟರ್ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೀಗೆ ಮಾಡಿದ ಚಪ್ಪಟೆ ಗಾಜು ಮಾಮೂಲು ಗಾಜಿಗಿಂತ 4ರಿಂದ 5 ಪಟ್ಟು ಗಟ್ಟಿ. ಅಡುಗೆಮನೆಯ ಪಾತ್ರೆಗಳಲ್ಲಿ ಇಷ್ಟು ಸಿಗುವುದಿಲ್ಲ. ಬಟ್ಟಲಿನ ಆಕಾರ ಬಾಗಿರುತ್ತದೆ, ತಳದಲ್ಲಿ ಒಂದು ದಪ್ಪ, ಅಂಚಿನಲ್ಲಿ ಇನ್ನೊಂದು ದಪ್ಪ. ಗಾಳಿ ಎಲ್ಲ ಕಡೆ ಸಮನಾಗಿ ತಾಗುವುದಿಲ್ಲ. ಈ ಪಾತ್ರೆಗಳಿಗೇ ಹೆಸರಾದ ಫ್ರಾನ್ಸಿನ ಡ್ಯೂರಲೆಕ್ಸ್ ಕಂಪನಿ ತನ್ನ ಲೋಟ, ಬಟ್ಟಲುಗಳು ಮಾಮೂಲಿಗಿಂತ ಎರಡೂವರೆ ಪಟ್ಟು ಗಟ್ಟಿ ಎಂದಷ್ಟೇ ಹೇಳಿಕೊಳ್ಳುತ್ತದೆ. ಅಂಗಡಿಯಲ್ಲಿ 'ಹತ್ತು ಪಟ್ಟು' ಅಂದರೆ ನಕ್ಕು ಮುಂದೆ ಹೋಗಿ.

ಅಂದಹಾಗೆ, ಮೊಬೈಲಿಗೆ 'ಟೆಂಪರ್ ಹಾಕಿಸು' ಅನ್ನುತ್ತೇವಲ್ಲ, ಒಳ್ಳೆ ಗುಣಮಟ್ಟದ ಆ ತೆಳು ಗಾಜಿಗೆ ದಾರಿ ಬೇರೆ. ಅಷ್ಟು ತೆಳುವಾದದ್ದಕ್ಕೆ ಗಾಳಿ ಊದಿ ಪ್ರಯೋಜನವಿಲ್ಲ, ಒಳಗೂ ಹೊರಗೂ ಒಟ್ಟಿಗೇ ಆರಿಬಿಡುತ್ತದೆ. ಅದನ್ನು ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಮುಳುಗಿಸುತ್ತಾರೆ. ಗಾಜಿನ ಮೈಯಲ್ಲಿರುವ ಸಣ್ಣ ಸೋಡಿಯಂ ಹೊರಗೆ ಬಂದು, ಆ ಜಾಗದಲ್ಲಿ ದಪ್ಪನೆಯ ಪೊಟ್ಯಾಸಿಯಂ ತೂರಿಕೊಳ್ಳುತ್ತದೆ. ಇಕ್ಕಟ್ಟಾಗಿ ಮೈ ಬಿಗಿಯುತ್ತದೆ. ದಾರಿ ಬೇರೆ, ಫಲ ಒಂದೇ.

## ಒಡೆದರೆ ಯಾಕೆ ಪುಡಿಪುಡಿ

ಈ ಬಿಗಿತದ ವಿಚಿತ್ರವನ್ನು ಯುರೋಪಿನವರು 17ನೇ ಶತಮಾನದಲ್ಲೇ ಕಂಡಿದ್ದರು. ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಗೊದಮೊಟ್ಟೆ ಆಕಾರದ ಗಾಜಿನ ಹನಿ ಸಿಗುತ್ತದೆ. ರಾಜಕುಮಾರ ರೂಪರ್ಟ್ ಎನ್ನುವವನು ಇವನ್ನು 1660ರ ಹೊತ್ತಿಗೆ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ತಂದುಕೊಟ್ಟ. ಹಾಗಾಗಿ ಅವಕ್ಕೆ ರೂಪರ್ಟ್ ಹನಿ ಅಂತಲೇ ಹೆಸರು. ಅದರ ತಲೆಗೆ ಸುತ್ತಿಗೆಯಿಂದ ಹೊಡೆದರೂ ಒಡೆಯುವುದಿಲ್ಲ. ಬಾಲದ ತುದಿಯನ್ನು ಬೆರಳಿನಿಂದ ಚಿವುಟಿದರೆ ಸಾಕು, ಇಡೀ ಹನಿ ಕ್ಷಣದಲ್ಲಿ ಪುಡಿ.

ಅದು ಯಾಕೆ ಹಾಗೆ ಅನ್ನುವುದನ್ನು ಕಣ್ಣಾರೆ ನೋಡಲು 1994ರ ತನಕ ಕಾಯಬೇಕಾಯಿತು. ಶ್ರೀನಿವಾಸನ್ ಚಂದ್ರಶೇಖರ್ ಮತ್ತು ಮುನವ್ವರ್ ಚೌಧರಿ ಎಂಬ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾ ಹಿಡಿದು ಹನಿ ಒಡೆಯುವುದನ್ನು ಸೆರೆಹಿಡಿದರು. ಬಿರುಕು ಬಾಲದಿಂದ ತಲೆಯ ಕಡೆಗೆ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಓಡುತ್ತಿತ್ತು. ಓಡುತ್ತಾ ಕವಲೊಡೆಯುತ್ತಿತ್ತು, ಆ ಕವಲು ಮತ್ತೆ ಕವಲೊಡೆಯುತ್ತಿತ್ತು.

ನಿಮ್ಮ ಬೌಲ್‌ನಲ್ಲೂ ನಡೆಯುವುದು ಇದೇ. ಹೊರಮೈಯ ಗೀರು ಒತ್ತಡದ ಪದರದೊಳಗೇ ಇರುವ ತನಕ ಏನೂ ಆಗುವುದಿಲ್ಲ. ಅದು ಪದರ ದಾಟಿ ನಡುವಿನ ಸೆಳೆತದ ಜಾಗ ಮುಟ್ಟಿತೋ, ಕಥೆ ಮುಗಿಯಿತು. ಅಲ್ಲಿ ತುಂಬಿಟ್ಟ ಬಲವೆಲ್ಲ ಒಮ್ಮೆಗೇ ಬಿಡುಗಡೆಯಾಗುತ್ತದೆ. ಆದ್ದರಿಂದಲೇ ಟೆಂಪರ್ಡ್ ಬೌಲ್ ಮೂಲೆ ಚಕ್ಕೆ ಎದ್ದು, ಎರಡು ಹೋಳಾಗಿ ಒಡೆಯುವುದು ಅಪರೂಪ. ಒಡೆದರೆ ಪೂರ್ತಿ.

ಪುಡಿಯಾಗುವುದರಲ್ಲಿ ಒಂದು ಲಾಭವೂ ಇದೆ. ಮಾಮೂಲು ಗಾಜು ಚಾಕುವಿನಂಥ ಉದ್ದ ಚೂರುಗಳಾಗಿ ಒಡೆಯುತ್ತದೆ. ಟೆಂಪರ್ಡ್ ಗಾಜು ಕಲ್ಲುಸಕ್ಕರೆ ಗಾತ್ರದ ತುಣುಕುಗಳಾಗುತ್ತದೆ. ಕಾರಿನ ಪಕ್ಕದ ಕಿಟಕಿಗೆ ಇದನ್ನೇ ಹಾಕುವುದು ಅದಕ್ಕೇ. ಆದರೆ ಬೌಲ್‌ನ ವಿಷಯದಲ್ಲಿ ಇದನ್ನು ಪೂರ್ತಿ ನೆಚ್ಚಬೇಡಿ. ಟೆಂಪರಿಂಗ್ ಕಮ್ಮಿ ಇದ್ದ ಪಾತ್ರೆಯ ಚೂರು ದೊಡ್ಡದಾಗಿರಬಹುದು, ಅಂಚು ಹರಿತ ಇರಬಹುದು. 'ಸೇಫ್ಟಿ ಗ್ಲಾಸ್ ಕಣ್ರೀ' ಅಂತ ಬರಿಗೈಯಲ್ಲಿ ಬಾಚುವುದು ತಪ್ಪು.

## ಯಾರೂ ಮುಟ್ಟದೇ ಇದ್ದಾಗ

ಈಗ ವಾಟ್ಸಾಪ್ ವಿಡಿಯೋಗೆ ಬರೋಣ. ಸುಮ್ನೆ ಇದ್ದ ಬೌಲ್ ಸಿಡಿಯುವುದಕ್ಕೆ ಮುಖ್ಯವಾಗಿ ಎರಡು ಕಾರಣ.

ಮೊದಲನೆಯದು ಹಳೇ ಗಾಯ. ಮೂರು ವಾರದ ಹಿಂದೆ ನಲ್ಲಿಗೆ ತಾಗಿ ಟಣ್ ಅಂದಿತ್ತು, ನೀವು ಮರೆತಿದ್ದೀರಿ. ಆ ಪೆಟ್ಟಿನಲ್ಲಿ ಬಿದ್ದ ಗೀರು ಒತ್ತಡದ ಪದರದ ಅಂಚಿಗೆ ಹೋಗಿ ನಿಂತಿದೆ. ಆಮೇಲೆ ದಿನಾ ಬಿಸಿ, ತಣ್ಣಗೆ, ಬಿಸಿ, ತಣ್ಣಗೆ. ಪ್ರತಿ ಸಲವೂ ಅದು ಕೂದಲೆಳೆಯಷ್ಟು ಮುಂದೆ ಸರಿಯಬಹುದು. ಗಾಜಿನ ಬಿರುಕು ನಿಧಾನವಾಗಿ ಬೆಳೆಯಲು ಗಾಳಿಯ ತೇವವೂ ನೆರವಾಗುತ್ತದೆ. ಒಂದು ದಿನ ಗಡಿ ದಾಟುತ್ತದೆ. ಆಗ ಯಾರೂ ಹತ್ತಿರ ಇರದಿದ್ದರೆ 'ತಾನಾಗಿ ಒಡೆಯಿತು' ಅನ್ನುತ್ತೇವೆ. ಮನೆಗಳಲ್ಲಿ ಹೀಗೆ ಒಡೆಯುವುದಕ್ಕೆ ಇದೇ ಕಾರಣ ಜಾಸ್ತಿ ಅನ್ನುವುದು ನನ್ನ ಅಂದಾಜು.

ಎರಡನೆಯದಕ್ಕೆ ನಿಮ್ಮ ತಪ್ಪು ಏನೂ ಇಲ್ಲ. ಗಾಜು ಕರಗಿಸುವಾಗ ನಿಕ್ಕಲ್ ಮತ್ತು ಗಂಧಕ ಸೇರಿ ನಿಕ್ಕಲ್ ಸಲ್ಫೈಡ್‌ನ ಸಣ್ಣ ಕಣ ಒಳಗೆ ಉಳಿದುಬಿಡಬಹುದು. ಗಾತ್ರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಷ್ಟೆ. ಈ ಕಣಕ್ಕೆ ಎರಡು ರೂಪ. ಸುಮಾರು 379 ಡಿಗ್ರಿಗಿಂತ ಮೇಲೆ ಒಂದು, ಕೆಳಗೆ ಇನ್ನೊಂದು. ಕೆಳಗಿನ ರೂಪ 2ರಿಂದ 4 ಶೇಕಡಾದಷ್ಟು ದೊಡ್ಡದು. ಗಾಜನ್ನು ನಿಧಾನಕ್ಕೆ ಆರಿಸಿದರೆ ಕಣ ರೂಪ ಬದಲಿಸಲು ಸಮಯ ಸಿಗುತ್ತದೆ, ತೊಂದರೆಯಿಲ್ಲ. ಆದರೆ ಟೆಂಪರಿಂಗ್‌ನಲ್ಲಿ ದಿಢೀರ್ ಅಂತ ಆರಿಸುತ್ತೇವಲ್ಲ, ಕಣ ಬಿಸಿ ರೂಪದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ತಿಂಗಳುಗಳಲ್ಲೋ ವರ್ಷಗಳಲ್ಲೋ ನಿಧಾನಕ್ಕೆ ಬದಲಾಗಿ ಉಬ್ಬುತ್ತದೆ. ಅದು ನಡುವಿನ ಸೆಳೆತದ ಜಾಗದಲ್ಲೇ ಕೂತಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಗಾಜಿನ ಗೋಡೆಯ ದೊಡ್ಡ ಕಟ್ಟಡಗಳಲ್ಲಿ ಇದು ಗೊತ್ತಿರುವ ಸಮಸ್ಯೆ. ಅಲ್ಲಿಗೆ ಹೋಗುವ ಗಾಜನ್ನು ಕೆಲವೊಮ್ಮೆ ಮೊದಲೇ ಒಲೆಯಲ್ಲಿ 290 ಡಿಗ್ರಿಯ ಆಸುಪಾಸು ಕೆಲ ಗಂಟೆ ಇಟ್ಟು, ಒಡೆಯುವುದು ಅಲ್ಲೇ ಒಡೆಯಲಿ ಅಂತ ಬಿಡುತ್ತಾರೆ. ಮುನ್ನೂರು ರೂಪಾಯಿಯ ಬೌಲ್‌ಗೆ ಅಷ್ಟು ಉಪಚಾರ ಸಿಗುತ್ತದೆ ಅಂತ ನಿರೀಕ್ಷಿಸಬೇಡಿ. ಹಾಗಂತ ಹೆದರಿ ಕೂರುವ ಅಗತ್ಯವೂ ಇಲ್ಲ. ಇಂಥದ್ದು ತೀರಾ ಅಪರೂಪ.

## ಬೊರೊಸಿಲಿಕೇಟ್, ಓಪಲ್, ಟೆಂಪರ್ಡ್: ಯಾವುದು ಯಾವುದು

ಅಂಗಡಿಯಲ್ಲಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ಮೂರೂ ಬೇರೆ.

ಬೊರೊಸಿಲಿಕೇಟ್ ಗಾಜಿನಲ್ಲಿ ಬೋರಾನ್ ಸೇರಿರುತ್ತದೆ. ಬಿಸಿಗೆ ಅದು ಹಿಗ್ಗುವುದು ಸೋಡಾ-ಲೈಮ್ ಗಾಜಿನ ಮೂರನೇ ಒಂದು ಭಾಗದಷ್ಟು ಮಾತ್ರ. ಹಿಗ್ಗುವುದೇ ಕಮ್ಮಿ ಆದ್ದರಿಂದ ಬಿಸಿ-ತಣ್ಣನೆಯ ಜಗ್ಗಾಟವೂ ಕಮ್ಮಿ. ಶಾಲೆಯ ಲ್ಯಾಬಿನಲ್ಲಿ ಬುನ್ಸೆನ್ ಬರ್ನರ್ ಮೇಲೆ ಇಟ್ಟ ಬೀಕರ್ ನೆನಪಿದೆಯಲ್ಲ, ಅದು ಈ ಗಾಜು. ಆ ಬೀಕರ್ ಮೇಲೆ ಬೊರೊಸಿಲ್ ಅಂತ ಬರೆದಿರುತ್ತಿತ್ತು. 1962ರಲ್ಲಿ ಶುರುವಾದ ಈ ಭಾರತೀಯ ಕಂಪನಿಗೆ ಮೊದಲಿಗೆ ಅಮೆರಿಕದ ಕಾರ್ನಿಂಗ್ ಜೊತೆಯಾಗಿತ್ತು. ಅದೇ ಕಾರ್ನಿಂಗ್ 1915ರಲ್ಲಿ ಪೈರೆಕ್ಸ್ ಹೆಸರಿನಲ್ಲಿ ಅಡುಗೆಯ ಗಾಜಿನ ಪಾತ್ರೆ ಮಾರುಕಟ್ಟೆಗೆ ತಂದದ್ದು. ಅಮೆರಿಕದಲ್ಲಿ ಮಾರುವ ಪೈರೆಕ್ಸ್ ಪಾತ್ರೆ ಆಮೇಲೆ ಟೆಂಪರ್ಡ್ ಸೋಡಾ-ಲೈಮ್‌ಗೆ ಬದಲಾಯಿತು. ಯುರೋಪಿನದು ಬೊರೊಸಿಲಿಕೇಟ್ ಆಗಿಯೇ ಉಳಿಯಿತು. ಅಮೆರಿಕದಿಂದ ಮಗಳು ತಂದದ್ದು, ಲಂಡನ್ನಿನಿಂದ ಅಳಿಯ ತಂದದ್ದು ಎರಡರ ಮೇಲೂ ಒಂದೇ ಹೆಸರಿದ್ದರೂ ಗಾಜು ಬೇರೆ ಇರಬಹುದು ಅಂತಾಯಿತು.

ಓಪಲ್ ಅಂದರೆ ಹಾಲಿನಂಥ ಬಿಳಿ ಗಾಜು. ಲಾ ಓಪಾಲಾದಂಥ ಕಂಪನಿಗಳ ಹೂವಿನ ಚಿತ್ರದ ತಟ್ಟೆಗಳು ನಮ್ಮ ಮನೆಗಳಲ್ಲಿ ಊಟಕ್ಕೆ ಬರುತ್ತವಲ್ಲ, ಅವು. ಪಿಂಗಾಣಿ ಅಂತ ಅನೇಕರು ತಿಳಿದಿರುತ್ತಾರೆ, ಅಲ್ಲ. ಸಾಮಾನ್ಯವಾಗಿ ಅದನ್ನೂ ಟೆಂಪರ್ ಮಾಡಿಯೇ ಕಳಿಸುತ್ತಾರೆ.

ಇನ್ನು ಪಾರದರ್ಶಕ ಟೆಂಪರ್ಡ್ ಬೌಲ್. ಬೀಳುವುದು, ತಾಗುವುದು, ಒಂದರ ಮೇಲೊಂದು ಪೇರಿಸುವುದು ಇದ್ದರೆ ಇದು ವಾಸಿ. ಓವನ್‌ನಲ್ಲಿ ಬೇಯಿಸುವುದು ಜಾಸ್ತಿ ಇದ್ದರೆ ಬೊರೊಸಿಲಿಕೇಟ್ ವಾಸಿ. ದಿನಾ ಮೊಸರು, ಚಟ್ನಿ, ಹೆಚ್ಚಿದ ತರಕಾರಿ, ನಿನ್ನೆಯ ಪಲ್ಯ ಅಂತ ಇಡುವ ಮನೆಗೆ ಟೆಂಪರ್ಡ್ ಸಾಕು.

## ಮನೆಯಲ್ಲೇ ಪತ್ತೆ ಹಚ್ಚಬಹುದು

ಲೇಬಲ್ ಹರಿದುಹೋಗಿದ್ದರೆ ಎರಡು ಚಂದದ ಪರೀಕ್ಷೆ ಇದೆ. ಮಕ್ಕಳಿಗೂ ತೋರಿಸಬಹುದು.

ಒಂದಕ್ಕೆ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಬೇಕು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಗೆ ಬಿಡುವಂಥದ್ದು. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆದು ಬೌಲನ್ನು ಪರದೆಯ ಮುಂದೆ ಹಿಡಿಯಿರಿ. ಕೂಲಿಂಗ್ ಗ್ಲಾಸ್ ಮೂಲಕ ನೋಡುತ್ತಾ ತಲೆಯನ್ನು ನಿಧಾನಕ್ಕೆ ಓರೆ ಮಾಡಿ. ಪರದೆ ಕಪ್ಪಾಗುವ ಒಂದು ಕೋನ ಸಿಗುತ್ತದೆ. ಆಗ ಟೆಂಪರ್ಡ್ ಬೌಲ್‌ನ ಮೈಮೇಲೆ ಬೆಳಕಿನ ಪಟ್ಟೆ, ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣ ಎದ್ದು ಕಾಣುತ್ತದೆ. ಅಂಚು ಮತ್ತು ತಳದಲ್ಲಿ ಇನ್ನೂ ಜೋರು. ಒಳಗಿನ ಒತ್ತಡ ಬೆಳಕಿನ ಕಂಪನದ ದಿಕ್ಕನ್ನು ತಿರುಚುವುದರಿಂದ ಹೀಗಾಗುತ್ತದೆ. ಚೆನ್ನಾಗಿ ನಿಧಾನಕ್ಕೆ ಆರಿಸಿದ ಗಾಜಿನಲ್ಲಿ ಈ ಪಟ್ಟೆ ಕಾಣುವುದಿಲ್ಲ, ಕಂಡರೂ ತೀರಾ ಮಂಕು. ಇಷ್ಟು ಹೊತ್ತು ಮಾತಾಡಿದ ಆ ಒತ್ತಡ ಕಣ್ಣಿಗೆ ಬೀಳುವುದು ಹೀಗೆ.

ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆ ಸಾಕು. ಸಣ್ಣ ಬೊರೊಸಿಲಿಕೇಟ್ ಪಾತ್ರೆಯನ್ನು ದೊಡ್ಡ ಗಾಜಿನ ಪಾತ್ರೆಯಲ್ಲಿಟ್ಟು ಒಳಗೂ ಹೊರಗೂ ಎಣ್ಣೆ ತುಂಬಿದರೆ ಅದು ಹೆಚ್ಚುಕಡಿಮೆ ಮಾಯವಾಗುತ್ತದೆ. ಬೆಳಕು ಎರಡರಲ್ಲೂ ಒಂದೇ ರೀತಿ ಬಾಗುತ್ತದೆ, ಎರಡರ ವಕ್ರೀಭವನ ಸೂಚ್ಯಂಕವೂ 1.47ರ ಸುತ್ತಮುತ್ತ. ಸೋಡಾ-ಲೈಮ್ ಗಾಜಿನದು 1.52. ಅದು ಎಣ್ಣೆಯಲ್ಲೂ ಸ್ಪಷ್ಟವಾಗಿ ಕಾಣುತ್ತಲೇ ಇರುತ್ತದೆ. ಎಣ್ಣೆ ಹಾಳಾಗಲ್ಲ, ಆಮೇಲೆ ಪಕೋಡ ಕರಿಯಬಹುದು.

## ಒಗ್ಗರಣೆ, ಫ್ರಿಜ್, ನಲ್ಲಿ ನೀರು

ಗಾಜಿಗೆ ಬಿಸಿಯೂ ಶತ್ರುವಲ್ಲ, ತಣ್ಣಗೂ ಶತ್ರುವಲ್ಲ. ಒಂದೇ ಹೊತ್ತಿಗೆ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಇದ್ದರೆ ತೊಂದರೆ. ಬಿಸಿಯಾದ ಭಾಗ ಹಿಗ್ಗುತ್ತದೆ, ಪಕ್ಕದ್ದು ಹಿಗ್ಗುವುದಿಲ್ಲ, ನಡುವೆ ಜಗ್ಗಾಟ.

ಮೊಸರನ್ನದ ಉದಾಹರಣೆ ನೋಡಿ. ಬೌಲ್ ಫ್ರಿಜ್‌ನಿಂದ ಈಗಷ್ಟೇ ಬಂದಿದೆ, ಮೈ ಸುಮಾರು 5 ಡಿಗ್ರಿ. ಸಾಸಿವೆ ಸಿಡಿಯುವ ಎಣ್ಣೆ 180 ಡಿಗ್ರಿಯ ಆಸುಪಾಸು. ಒಗ್ಗರಣೆ ಸೌಟನ್ನು ಅನ್ನದ ನಡುವೆ ಬಗ್ಗಿಸಿದರೆ ಚುಂಯ್ ಅಂದು ಅಲ್ಲೇ ಆರುತ್ತದೆ, ಗಾಜಿಗೆ ಬಿಸಿ ತಲುಪುವುದೇ ಇಲ್ಲ. ಅದೇ ಎಣ್ಣೆ ಬೌಲ್‌ನ ಬರಿಗೋಡೆಯ ಮೇಲೆ ಇಳಿದರೆ? ಒಂದು ಗೆರೆಯಷ್ಟು ಜಾಗದಲ್ಲಿ ಏಕಾಏಕಿ 170 ಡಿಗ್ರಿಗೂ ಹೆಚ್ಚಿನ ವ್ಯತ್ಯಾಸ. ಡ್ಯೂರಲೆಕ್ಸ್ ತನ್ನ ಪಾತ್ರೆಗಳು ತಡೆಯುತ್ತವೆ ಎನ್ನುವ ದಿಢೀರ್ ವ್ಯತ್ಯಾಸವೇ 130 ಡಿಗ್ರಿ. ಒಗ್ಗರಣೆಯನ್ನು ನಡುವೆ ಹಾಕಿ, ಇಲ್ಲವೇ ಸ್ಟೀಲ್ ಪಾತ್ರೆಯಲ್ಲೇ ಕಲಸಿ ಆಮೇಲೆ ಬೌಲ್‌ಗೆ ಬಡಿಸಿ.

ತಣ್ಣನೆ ಬೌಲ್‌ಗೆ ಬಿಸಿ ಹಾಕುವುದಕ್ಕಿಂತ ಬಿಸಿ ಬೌಲ್‌ಗೆ ತಣ್ಣೀರು ತಾಗಿಸುವುದು ಹೆಚ್ಚು ಅಪಾಯ. ತಣ್ಣೀರು ಬಿದ್ದ ಮೈ ಕುಗ್ಗಲು ನೋಡುತ್ತದೆ, ಒಳಗಿನ ಬಿಸಿ ಪದರ ಬಿಡುವುದಿಲ್ಲ. ಹಾಗಾಗಿ ಹೊರಮೈ ಎಳೆತಕ್ಕೆ ಸಿಗುತ್ತದೆ. ಗಾಜು ಸೋಲುವುದು ಎಳೆತಕ್ಕೇ ಅಲ್ವಾ? ಟೆಂಪರ್ಡ್ ಬೌಲ್‌ನಲ್ಲಿ ಆ ಎಳೆತ ಮೊದಲು ಒಳಗೆ ಇಟ್ಟ ಬಿಗಿತವನ್ನು ಸೋಲಿಸಬೇಕು. ಆದ್ದರಿಂದ ಮಾಮೂಲು ಗಾಜಿಗಿಂತ ಜಾಸ್ತಿ ತಡೆಯುತ್ತದೆ. ಆದರೂ ಅದಕ್ಕೊಂದು ಮಿತಿ ಇದೆ. ಮೈಕ್ರೋವೇವ್‌ನಿಂದ ತೆಗೆದದ್ದನ್ನು ಸೀದಾ ಸಿಂಕಿಗೆ ಹಾಕಬೇಡಿ. ಒದ್ದೆ ಗ್ರಾನೈಟ್ ಕಟ್ಟೆಯ ಮೇಲೂ ಇಡಬೇಡಿ. ಗ್ರಾನೈಟ್ ತಣ್ಣಗಿರುತ್ತದೆ, ಬಿಸಿಯನ್ನು ಬೇಗ ಹೀರುತ್ತದೆ. ಅಜ್ಜಿ ಮಡಕೆ ಕೆಳಗೆ ಇಡುತ್ತಿದ್ದ ಸಿಂಬೆ ಇಲ್ಲಿಗೆ ಹೇಳಿ ಮಾಡಿಸಿದ್ದು. ಮರದ ಹಲಗೆ, ಮಡಚಿದ ಬಟ್ಟೆಯೂ ಆಗುತ್ತದೆ.

ಮೈಕ್ರೋವೇವ್ ಗಾಜನ್ನು ಹೆಚ್ಚು ಬಿಸಿ ಮಾಡುವುದಿಲ್ಲ, ಬಿಸಿಯಾಗುವುದು ಊಟ. ಖಾಲಿ ಬೌಲ್ ಇಟ್ಟು ಓಡಿಸಬಾರದು ಅನ್ನುವುದನ್ನು ಬಿಟ್ಟರೆ ಅಲ್ಲಿ ದೊಡ್ಡ ಭಯವಿಲ್ಲ. ಓವನ್, ಏರ್ ಫ್ರೈಯರ್ ವಿಷಯ ಬೇರೆ, ಅಲ್ಲಿ ಕಾಯಿಲ್‌ನ ಬಿಸಿ ನೇರವಾಗಿ ಗಾಜಿಗೆ ತಾಗುತ್ತದೆ. 'ಮೈಕ್ರೋವೇವ್ ಸೇಫ್' ಅಂದರೆ 'ಓವನ್ ಸೇಫ್' ಅಲ್ಲ. ಡಬ್ಬದ ಮೇಲೆ ಓವನ್ ಗುರುತು ಇದ್ದರಷ್ಟೇ ಇಡಿ. ಗ್ಯಾಸ್ ಒಲೆ ಮೇಲಂತೂ ಬೇಡವೇ ಬೇಡ.

## ಒಂದರೊಳಗೊಂದು ಕೂರುವ ಬೌಲ್‌ಗಳು

ಸಣ್ಣ ಅಡುಗೆಮನೆಗೆ ಈ ಬೌಲ್ ಇಷ್ಟವಾಗುವುದೇ ಪೇರಿಸಬಹುದು ಅಂತ. ಸೆಟ್‌ನಲ್ಲಿ ಎಷ್ಟಿದ್ದರೂ ಹಿಡಿಯುವ ಜಾಗ ದೊಡ್ಡ ಬೌಲ್‌ನಷ್ಟೇ. ಟೆಂಪರಿಂಗ್‌ಗೂ ಪೇರಿಸುವುದಕ್ಕೂ ಹಳೇ ನಂಟು. ಫ್ರಾನ್ಸಿನ ಓರ್ಲಿಯಾನ್ ನಗರದ ಪಕ್ಕದ ಕಾರ್ಖಾನೆಯಲ್ಲಿ 1945ರಲ್ಲಿ ಡ್ಯೂರಲೆಕ್ಸ್ ಶುರುವಾಯಿತು. ಅಲ್ಲಿಯ ಲೋಟಗಳು ಫ್ರಾನ್ಸಿನ ಶಾಲೆಗಳ ಊಟದ ಮನೆಗಳಿಗೆಲ್ಲ ಹೋದವು. ಮಕ್ಕಳು ಬೀಳಿಸುತ್ತಾರೆ, ಕೆಲಸದವರು ಗೋಪುರದಂತೆ ಪೇರಿಸುತ್ತಾರೆ, ಎರಡನ್ನೂ ತಾಳಬೇಕಿತ್ತು. ಲೋಟದ ತಳದಲ್ಲಿರುವ ಅಚ್ಚಿನ ನಂಬರ್ ನೋಡಿ 'ನಿನ್ನ ವಯಸ್ಸು ಎಷ್ಟು' ಅಂತ ಆಡುವುದು ಅಲ್ಲಿಯ ಮಕ್ಕಳಿಗೆ ಈಗಲೂ ಗೊತ್ತು. ಗ್ಯಾಸ್ ಬೆಲೆ ಏರಿ 2022ರ ಕೊನೆಯಲ್ಲಿ ಕುಲುಮೆಯನ್ನು ಕೆಲವು ತಿಂಗಳು ತಡೆಹಿಡಿದ ಆ ಕಾರ್ಖಾನೆಯನ್ನು 2024ರಲ್ಲಿ ಕೆಲಸಗಾರರೇ ಸಹಕಾರಿ ಸಂಘ ಮಾಡಿಕೊಂಡು ವಹಿಸಿಕೊಂಡರು.

ಪೇರಿಸುವ ಬೌಲ್ ಕೊಳ್ಳುವಾಗ ಎರಡನ್ನು ಕೈಯಲ್ಲಿ ಹಿಡಿದು ಒಂದರೊಳಗೊಂದು ಇಟ್ಟು ನೋಡಿ. ಒಳಗಿನದು ಒಂದು ಮೆಟ್ಟಿಲಿನ ಮೇಲೋ ಅಂಚಿನ ಮೇಲೋ ಕೂತು ನಿಲ್ಲಬೇಕು. ಗೋಡೆಗೆ ಗೋಡೆ ಪೂರ್ತಿ ಅಂಟಿಕೊಂಡರೆ ಅದು ಮುಂದೆ ಸಿಕ್ಕಿಕೊಳ್ಳುತ್ತದೆ. ಅಂಚು ದುಂಡಗೆ, ದಪ್ಪಗೆ ಇರಲಿ. ಟೆಂಪರ್ಡ್ ಗಾಜಿನ ಬಲಹೀನ ಜಾಗವೇ ಅಂಚು.

ಬೌಲ್‌ಗಳು ಕಚ್ಚಿಕೊಳ್ಳುವುದಕ್ಕೆ ಬಹುತೇಕ ನಮ್ಮ ಅವಸರವೇ ಕಾರಣ. ಬಿಸಿನೀರಲ್ಲಿ ತೊಳೆದು, ಇನ್ನೂ ಒದ್ದೆ ಇರುವಾಗಲೇ ಪೇರಿಸುತ್ತೇವೆ. ನಡುವೆ ಸಿಕ್ಕಿಬಿದ್ದ ಬಿಸಿ ಗಾಳಿ ಆರಿ ಕುಗ್ಗುತ್ತದೆ, ಒಳಗೆ ಅರೆನಿರ್ವಾತ ಆಗಿ ಎರಡೂ ಬಿಗಿದುಕೊಳ್ಳುತ್ತವೆ. ಆಗ ಎಳೆದಾಡಬೇಡಿ, ತಟ್ಟಬೇಡಿ, ಸಂದಿಗೆ ಚಾಕು ತೂರಿಸಲೇಬೇಡಿ. ಸಂದಿಗೆ ಎರಡು ಹನಿ ಸೋಪಿನ ನೀರು ಬಿಟ್ಟು ಸ್ವಲ್ಪ ಕಾಯಿರಿ. ಬಿಡದಿದ್ದರೆ ಒಳಗಿನದಕ್ಕೆ ತಣ್ಣೀರು ತುಂಬಿ, ಹೊರಗಿನದನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ. ಒಳಗಿನದು ಕುಗ್ಗಿ, ಹೊರಗಿನದು ಹಿಗ್ಗಿ ಬಿಟ್ಟುಕೊಳ್ಳುತ್ತದೆ. ಉಗುರುಬೆಚ್ಚಗೆ ಅಂದೆ, ಕುದಿಯುವ ನೀರಲ್ಲ.

ಪೇರಿಸುವಾಗ ಜಾರಿಸಿ ತೂರಿಸದೆ ಎತ್ತಿ ಇಡಿ. ಮೊದಲು ಹೇಳಿದ 1 ಮಿಲಿಮೀಟರ್ ಲೆಕ್ಕ ಇಲ್ಲಿಗೆ ಬೇಕು. ನಿಮ್ಮ ಬೌಲನ್ನು ಕಾಯುತ್ತಿರುವುದು ಅಷ್ಟು ದಪ್ಪದ ಪದರ. ಗಾಜಿನ ಮೇಲೆ ಗಾಜು ಉಜ್ಜಿದರೆ ಅದೇ ಸವೆಯುವುದು, ಸೆಟ್‌ನೊಳಗೆ ಸ್ಟೀಲ್ ಲೋಟ ಇಟ್ಟರೂ ಅಷ್ಟೆ. ತೊಳೆಯುವಾಗ ಸ್ಟೀಲ್ ನಾರು, ಕಲ್ಲಿನ ಪುಡಿ ಇರುವ ಪಾತ್ರೆಪುಡಿ, ಬೂದಿ ಬೇಡ. ಮರಳಿನ ಒಂದು ಕಣ ಸ್ಪಂಜಿನಲ್ಲಿ ಸಿಕ್ಕಿದ್ದರೂ ಗೀರುತ್ತದೆ, ಮರಳು ಗಾಜಿಗಿಂತ ಗಟ್ಟಿ. ಗ್ರಾನೈಟ್ ಕಟ್ಟೆಯಲ್ಲೂ ಅದೇ ಗಟ್ಟಿ ಹರಳುಗಳಿವೆ, ಅದರ ಮೇಲೆ ಬೌಲನ್ನು ಎಳೆದು ಸರಿಸಬೇಡಿ. ಬೆರಳು ಆಡಿಸಿದಾಗ ಉಗುರಿಗೆ ಸಿಗುವಷ್ಟು ಗೀರು ಇದ್ದರೆ, ಅಂಚಿನಲ್ಲಿ ಚಿಕ್ಕ ಚಕ್ಕೆ ಎದ್ದಿದ್ದರೆ ಆ ಬೌಲ್‌ಗೆ ಬಿಸಿ ಪದಾರ್ಥ ಹಾಕುವುದನ್ನು ನಿಲ್ಲಿಸಿ. ಗುಂಡಿ, ಬಟನ್ ಹಾಕಿಡಲು ಆಗುತ್ತದೆ ಅಂತ ಉಳಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಮಕ್ಕಳ ಕೈಗೆ ಸಿಗುವ ಮನೆಯಾದರೆ ಅದೂ ಬೇಡ.

## ಒಡೆದೇ ಹೋದರೆ

ಮೊದಲು ಚಪ್ಪಲಿ ಹಾಕಿಕೊಳ್ಳಿ. ಚೂರು ನೀವು ಅಂದುಕೊಂಡದ್ದಕ್ಕಿಂತ ದೂರ ಹೋಗಿರುತ್ತದೆ. ಕಟ್ಟೆಯ ಮೇಲೆ ಮುಚ್ಚದೇ ಇಟ್ಟಿದ್ದ ಸಾರು, ಹಿಟ್ಟು, ಹೆಚ್ಚಿದ ತರಕಾರಿ ಇದ್ದರೆ ಯೋಚನೆ ಮಾಡದೆ ಚೆಲ್ಲಿ. ಸಾರಿನೊಳಗೆ ಬಿದ್ದ ಗಾಜು ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಚೂರು ಗುಡಿಸಿದ ಮೇಲೆ ಒದ್ದೆ ಮಾಡಿದ ಪೇಪರ್‌ನಿಂದ ನೆಲ ಒತ್ತಿ ಒತ್ತಿ ಒರೆಸಿ, ಸಣ್ಣ ಚೂರು ಅದಕ್ಕೆ ಅಂಟುತ್ತದೆ. ಮೊಬೈಲ್ ಟಾರ್ಚನ್ನು ನೆಲಕ್ಕೆ ಹತ್ತಿರ ಅಡ್ಡಡ್ಡ ಹಿಡಿದರೆ ಉಳಿದದ್ದು ಮಿಂಚುತ್ತದೆ.

ಚೂರುಗಳನ್ನು ಹಸಿ ಕಸಕ್ಕೆ ಹಾಕಬೇಡಿ, ಹಾಗೇ ಚೀಲಕ್ಕೂ ಸುರಿಯಬೇಡಿ. ದಪ್ಪ ಪೇಪರ್‌ನಲ್ಲಿ ಸುತ್ತಿ, ಹಳೇ ರಟ್ಟಿನ ಡಬ್ಬದಲ್ಲಿಟ್ಟು, ಮೇಲೆ 'ಒಡೆದ ಗಾಜು' ಅಂತ ದೊಡ್ಡದಾಗಿ ಬರೆದು ಬೇರೆಯಾಗಿ ಕೊಡಿ. ಪೌರಕಾರ್ಮಿಕರು ಕಸ ವಿಂಗಡಿಸುವುದು ಕೈಯಿಂದಲೇ. ಸೋಡಾ-ಲೈಮ್ ಗಾಜು ಬಾಟಲಿ ಗಾಜಿನ ಜಾತಿಯದೇ ಆದ್ದರಿಂದ ಮತ್ತೆ ಕರಗಿಸಲು ಬರುತ್ತದೆ. ಬೊರೊಸಿಲಿಕೇಟ್ ಆದರೆ ಗುಜರಿಯವರ ಬಾಟಲಿ ರಾಶಿಗೆ ಸೇರಿಸಬೇಡಿ. ಅದು ಕರಗುವ ಬಿಸಿ ಬೇರೆ, ನಾಲ್ಕು ಚೂರು ಸೇರಿದರೂ ಹೊಸ ಬಾಟಲಿಯಲ್ಲಿ ಕರಗದ ಗಂಟಾಗಿ ಉಳಿಯುತ್ತದೆ.